ಮೀನು ಹೊರಳಿದ ಹಾಗೆ

ಎಪ್ಪತ್ತೆಂಟನೇ ಇಸವಿ. ಗುಬ್ಬಿಯ ಗಂಗಾಂಬಿಕೆಗೆ ಆರನೇ ತಿಂಗಳು. ಹೊಟ್ಟೆ ಬಂದಿದೆ, ಬಯಕೆ ಮುಗಿದಿದೆ, ಗಂಡೋ ಹೆಣ್ಣೋ ಅಂತ ಬೀದಿಯವರೆಲ್ಲ ತೀರ್ಪನ್ನೂ ಕೊಟ್ಟಾಗಿದೆ. ಒಳಗಿನ ಮಹಾರಾಜರು ಅಲುಗಾಡಿದ ಸುದ್ದಿ ಮಾತ್ರ ಇಲ್ಲ.

"ಮಗು ಆಡ್ತಾ ಇದೆಯೇನಮ್ಮ?" ಅಂತ ತುಮಕೂರಿನ ಲೇಡಿ ಡಾಕ್ಟರು ಕೇಳಿದಾಗ ಅವಳು ಇಲ್ಲ ಅಂದಿದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು, "ಇಷ್ಟೊತ್ತಿಗೆ ಗೊತ್ತಾಗ್ಬೇಕಲ್ಲ. ಸೋಮವಾರದೊಳಗೆ ಗೊತ್ತಾಗದಿದ್ರೆ ಅಡ್ಮಿಟ್ ಆಗೋಕೆ ಬಂದ್ಬಿಡಿ" ಅಂದರು. ಆ ಪೆನ್ನು ಕೆಳಗಿಟ್ಟ ರೀತಿ ನೆನೆದರೆ ಗಂಗಾಂಬಿಕೆಗೆ ಅನ್ನ ಇಳಿಯುತ್ತಿರಲಿಲ್ಲ. ಲಿಂಗದ ಮುಂದೆ ಕೂತರೆ, "ಒಂದೇ ಒಂದು ಸಲ ಅಲುಗಾಡಿಸು ತಂದೆ" ಅಂತ ಬೇಡುವುದೇ ಪೂಜೆಯಾಯಿತು. (ಅಷ್ಟರಲ್ಲೇ ಹೊಟ್ಟೆಯಲ್ಲಿ ಏನೋ ಪುಳಕ್ ಅನ್ನುತ್ತಿತ್ತು. ವಾಯು! ದೇವರ ಮುಂದೂ ನೆಮ್ಮದಿ ಇಲ್ಲ.)

"ಮಗು ಆಡೋದು ಹೇಗಿರುತ್ತೆ ಅತ್ತೆ?"

"ಮೀನು ಹೊರಳಿದಂಗೆ ಕಣೇ" ಅಂದರು ಅತ್ತೆ ಸಿದ್ದಲಕ್ಷ್ಮಮ್ಮ. ಅವರು ಹೆತ್ತದ್ದು ರುದ್ರಯ್ಯ ಒಬ್ಬನನ್ನೇ. ಮಾತು ಮಾತ್ರ ಹತ್ತು ಹೆತ್ತವರದು. ಪಕ್ಕದ ಮನೆ ರೇವಮ್ಮನೂ, "ಹೂಂ, ಮೀನೇ" ಅಂದಳು.

"ನಂಗೆ ಬರೀ ಪುಳಕ್ ಪುಳಕ್ ಅನ್ನುತ್ತೆ."

"ಅದು ಗ್ಯಾಸು. ಅವರೆಕಾಳು ಮುಕ್ಕಿದ್ದೀಯಲ್ಲ!" ಅಂತ ಅತ್ತೆ ಒಂದು ಲೋಟ ಓಮದ ಕಷಾಯ ಕುಡಿಸಿದರು. ಅಲ್ಲಿಂದಾಚೆಗೆ ಪುಳಕ್ ಅಂದಾಗಲೆಲ್ಲ ಕಷಾಯ.

ಗಂಗಾಂಬಿಕೆ ಮೀನು ಹೊರಳುವುದನ್ನು ಕಂಡಿದ್ದರೆ ತಾನೇ? ಪಂಚಾಂಗದ ಮೀನರಾಶಿ ಬಿಟ್ಟರೆ ಬೇರೆ ಮೀನು ಆ ಮನೆಯ ಹೊಸಿಲು ದಾಟಿದ್ದೇ ಇಲ್ಲ.

"ರೀ, ನಂಗೊಂದು ಮೀನು ತೋರಿಸ್ತೀರಾ?"

ತೆಂಗಿನಕಾಯಿ ಮಂಡಿಯ ಗುಮಾಸ್ತ ರುದ್ರಯ್ಯ ಬಾಯಲ್ಲಿದ್ದ ಅಡಿಕೆಯನ್ನು ಹಾಗೇ ನುಂಗಿಬಿಟ್ಟ. "ಏನೇ, ತಲೆ ಕೆಟ್ಟಿದೆಯಾ?"

"ತಿನ್ನೋಕಲ್ಲ. ಹೊರಳೋದು ನೋಡ್ಕೊಂಡ್ರೆ, ಒಳಗೆ ಹೊರಳಿದಾಗ ಗುರುತು ಸಿಗುತ್ತೆ. ನಾಳಿದ್ದೇ ಸೋಮವಾರ ಕಣ್ರೀ" ಅಂದಳು.

ಭಾನುವಾರ ದೇವಸ್ಥಾನದ ನೆಪ ಹೇಳಿ ಇಬ್ಬರೂ ಕಡಬದ ಬಸ್ಸು ಹತ್ತಿದರು. ಕೆರೆ ಏರಿಯ ಮೇಲೆ ದ್ಯಾವಪ್ಪ ಬಲೆ ಕೊಡವುತ್ತಿದ್ದ. ಹಣೆ ತುಂಬ ವಿಭೂತಿ ಧರಿಸಿದ ಗಿರಾಕಿಯನ್ನು ಕಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರ್ಗೂ ಯೋಳಕಿಲ್ಲ ಬುಡಿ ಸ್ವಾಮಿ. ಎಲೇಲಿ ಸುತ್ಕೊಡ್ತೀನಿ."

"ತಿನ್ನೋಕಲ್ಲಪ್ಪಾ! ಇವಳು ಮೀನು ಹೊರಳೋದು ನೋಡ್ಬೇಕಂತೆ."

"ಅದ್ಕೂ ಜನ ಬತ್ತಾರಾ?" ಅಂತ ದ್ಯಾವಪ್ಪ ನೀರಿನ ಸಮೇತ ಒಂದು ಮರಿ ಮೀನನ್ನು ಅವಳ ಬೊಗಸೆಗೆ ಬಿಟ್ಟ.

ಪುಳಕ್!

ಗಂಗಾಂಬಿಕೆ ಉಸಿರು ಬಿಗಿಹಿಡಿದಳು. ಮತ್ತೆ ಪುಳಕ್. "ರೀ, ಇದೇ ಗ್ಯಾಸು! ಅಯ್ಯೋ, ಅದು ಗ್ಯಾಸಲ್ಲ ರೀ! ಇಷ್ಟು ದಿನ ನನ್ನ ಮಗೂಗೆ ಓಮದ ಕಷಾಯ ಕುಡಿಸ್ತಾ ಇದೀನಿ!" ಅಂತ ಬೊಗಸೆ ಹಿಡಿದುಕೊಂಡೇ ಏರಿಯ ಮೇಲೆ ಕೂತು ಅತ್ತಳು, ನಕ್ಕಳು. ಅದೇ ಹೊತ್ತಿಗೆ ಕಾಯಿ ಲಾರಿಯಲ್ಲಿ ಊರಿಗೆ ಹೊರಟಿದ್ದ ಅವರ ಬೀದಿಯ ಬೆಟ್ಟಯ್ಯ ತಲೆ ಹೊರಗೆ ಹಾಕಿ, ಆ ಬೊಗಸೆಯನ್ನು ಕಣ್ತುಂಬ ನೋಡಿಕೊಂಡ.

ಲಾರಿ ಬಸ್ಸಿಗಿಂತ ಮೊದಲು ಗುಬ್ಬಿ ಸೇರಿತು.

ಅತ್ತೆ ಬಾಗಿಲಲ್ಲೇ ನೀರಿನ ಕೊಡ ಹಿಡಿದು ನಿಂತಿದ್ದರು. "ಒಳಕ್ಕೆ ಬರಬೇಡ! ಮೀನಿನ ಬಯಕೆಯೇನೇ, ನಮ್ಮ ಮನೇಲಿ?"

"ಇಲ್ಲ ಅತ್ತೆ, ಮಗು ಆಡ್ತಾ ಇದೆ! ಬೇಕಾದ್ರೆ ಮುಟ್ಟಿ ನೋಡಿ!" ಅಂತ ಗಂಗಾಂಬಿಕೆ ಅತ್ತೆಯ ಕೈ ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. ಶಿವನ ದಯೆ, ಒಳಗೆ ಹಿಂದೆಂದೂ ಇಲ್ಲದಷ್ಟು ಜೋರಾಗಿ ಪುಳಕ್ ಅಂದಿತು.

ಸಿದ್ದಲಕ್ಷ್ಮಮ್ಮ ಕೆಂಡ ಮುಟ್ಟಿದವರ ಹಾಗೆ ಕೈ ಕಿತ್ತುಕೊಂಡರು. "ರೇವಮ್ಮಾ! ಬರೀ ಮುಟ್ಟಿಲ್ಲ ಕಣೇ, ಹಸೀದೇ ನುಂಗವ್ಳೆ! ಒಳಗೆ ಹೊರಳ್ತಾ ಐತೆ!"

ರುದ್ರಯ್ಯ ಹೇಳಿದ, ಗಂಗಾಂಬಿಕೆ ಅತ್ತಳು. ಕೇಳುವವರಾರು? ಮೈಮೇಲೆ ತಣ್ಣೀರು ಸುರಿಸಿಕೊಂಡು ನಡುಗುತ್ತ ಒಳಗೆ ಬಂದವಳ ಮುಂದೆ, ತಿಂದದ್ದು ಅರಗಲಿ ಅಂತ, ಒಂದು ಚೊಂಬು ಓಮದ ಕಷಾಯ ಬಂದು ಕೂತಿತು.

ಅವಳು ಚೊಂಬು ಎತ್ತಿದಳು. ಘಾಟು ಮೂಗಿಗೆ ಬಡಿಯಿತು. ಒಳಗಿನ ಮಹಾರಾಜರು, ಬರುವುದೇನೆಂದು ಚೆನ್ನಾಗಿ ಬಲ್ಲವರ ಹಾಗೆ, ಮೊದಲೇ ಒಂದು ಸಲ ಅತ್ತ ಹೊರಳಿಕೊಂಡರು.