ಬೀದಿ ಕಡೆಯ ಕಿಟಕಿ

ನನ್ನ ಮೈದುನ ಗಾರೆ ಕೆಲಸದವನು. ಆದರೆ ಮನೆ ಕಟ್ಟುವುದು ಅವನಿಗೆ ಬರುತ್ತಿರಲಿಲ್ಲ ಎಂದೇ ನನ್ನ ವಾದ. ಅಡಿಗೆಮನೆಗೆ ಬೀದಿ ಕಡೆ ಒಂದು ಕಿಟಕಿ ಇಡುತ್ತಿದ್ದ. ಅದು ಬೀಳದಿರಲಿ ಎಂದು ಸುತ್ತ ಒಂದು ಮನೆ ಕಟ್ಟುತ್ತಿದ್ದ, ಅಷ್ಟೇ!

ನಮ್ಮ ಕಡೆ ಬೀದಿ ನೋಡುವ ಹಕ್ಕು ಜಗುಲಿಯದು, ಜಗುಲಿ ಗಂಡಸರದು. ಎಲೆಅಡಿಕೆ ಜಗಿಯುತ್ತಾ ಹೋಗಿಬರುವವರನ್ನೆಲ್ಲ ವಿಚಾರಿಸಿಕೊಳ್ಳುವುದು ಅವರ ಉದ್ಯೋಗ. ಹೆಂಗಸರಿಗೆ ಒಳಗೆ ಒಲೆ, ಹೊಗೆ ಹೋಗಲು ಒಂದು ಕಿಂಡಿ. ಹೊಗೆಗಿರುವ ದಾರಿ ಸೊಸೆಗಿಲ್ಲ! ಈ ಕಾನೂನು ಬರೆದವರು ಯಾರೋ, ಮೂರನೇ ಕ್ಲಾಸು ಓದಿದ ನನಗೆ ಹೆಂಗೆ ಗೊತ್ತಾಗಬೇಕು?

ಹೊಳವನಹಳ್ಳಿಯ ವ್ಯಾಪಾರಿಯೊಬ್ಬ ಆ ಕಿಟಕಿ ಕಂಡು ರೇಗಿದನಂತೆ. ಮೈದುನ ಕೈಕಟ್ಟಿ ನಿಂತು, "ಅಗ್ನಿಮೂಲೆ ಉಸ್ರು ಕಟ್ಟುದ್ರೆ ಯಜಮಾನ್ರಿಗೇ ಏದುಸ್ರು ಬತ್ತದೆ ಸ್ವಾಮಿ" ಎಂದ. ಕೂಗಾಡಿದ್ದಕ್ಕೋ ಏನೋ, ವ್ಯಾಪಾರಿಗೆ ಆಗಲೇ ಏದುಸಿರು ಬಂದಿತ್ತು. ಕಿಟಕಿ ಇನ್ನೂ ನಾಲ್ಕು ಬೆರಳು ಅಗಲವಾಯಿತು!

ಪಾವಗಡದ ಕಡೆ ಕ್ಯಾತಗಾನಚೆರ್ಲಿನಲ್ಲಿ, ಸೋಲಾರ್‌ಗೆ ಜಮೀನು ಕೊಟ್ಟವರ ಹೊಸ ಮನೆ. ಅಲ್ಲಿಯ ಅತ್ತೆ ತೆಲುಗಿನಾಕೆ. ಇವನು ಕಿಟಕಿಗೆಂದು ಬಿಟ್ಟ ಜಾಗಕ್ಕೆ ಇಟ್ಟಿಗೆ ಮುಚ್ಚಿಸಿದಳು. ಇವನು ತೆಗೆಯಲು ಹೋದರೆ "ವದ್ದು, ವದ್ದು" ಎಂದಳು. ಬೇಡ ಎಂದು ಅದರರ್ಥ. ಇವನು ಎರಡು ಹೆಜ್ಜೆ ಹಿಂದೆ ಸರಿದು ಹಸಿ ಗೋಡೆಗೆ ಒದ್ದೇಬಿಟ್ಟ. "ಒದ್ದು ಅಂದ್ರಲ್ಲಮ್ಮ, ಒದ್ದೆ" ಎಂದನಂತೆ. ತೆಲುಗು ಅವನಿಗೆ ಆಕೆಗಿಂತ ಚೆನ್ನಾಗಿ ಬರುತ್ತಿತ್ತು!

ಊರೂರಲ್ಲಿ ಹುಲಿಯಾದವನು ಐ.ಡಿ.ಹಳ್ಳಿಯ ನಮ್ಮ ಮನೆಯಲ್ಲಿ ಅಣ್ಣನೆದುರು ಇಲಿ. ಮದುವೆಯಾಗಿ ಬಂದಾಗಿನಿಂದ ನಾನು ಕೇಳಿದ್ದು ಒಂದೇ, ಒಲೆಯ ಹಿಂದಿನ ಗೋಡೆಗೊಂದು ಕಿಟಕಿ. ಆಚೆ ಖಾಲಿ ಜಾಗ, ಅದರಾಚೆ ಬೀದಿ. ಮುದ್ದೆ ತಿರುವುತ್ತಾ, ಬಸ್ಸಿನ ಸದ್ದು ಕೇಳಿ, ಯಾರು ಇಳಿದರೋ ಎಂದು ಊಹಿಸಿಕೊಂಡೇ ನನ್ನ ತಲೆ ನರೆಯಿತು. "ಬೀದಿಲಿ ನಿಂಗೇನು ಕೆಲ್ಸ?" ಎನ್ನುತ್ತಿದ್ದರು ನಮ್ಮ ಯಜಮಾನರು. ಮೈದುನ ತಟ್ಟೆ ನೋಡುತ್ತಾ ಕೂರುತ್ತಿದ್ದ. ಸಿಟ್ಟಿಗೆ ಅವನ ಮುದ್ದೆಗೆ ತುಪ್ಪ ಹಾಕುವುದನ್ನೇ ನಿಲ್ಲಿಸಿದೆ. ಯಾಕೆಂದು ಕೇಳಲೂ ಇಲ್ಲ, ಕಳ್ಳ.

ಯಜಮಾನರು ತೀರಿಹೋದ ಮರುವರ್ಷ ಅವನು ಹಾರೆ ಹಿಡಿದು ಬಂದ. ಅಷ್ಟರಲ್ಲಿ ಅವನ ಎರಡು ಕಣ್ಣೂ ಪೂರಾ ಹೋಗಿದ್ದವು; ಬೀದಿಯ ಗೋಡೆಗಳನ್ನು ಸವರಿಕೊಂಡೇ ಬಂದಿದ್ದ. ಒಲೆಯ ಗೋಡೆಯಾಚೆಯ ಆ ಖಾಲಿ ಜಾಗದಲ್ಲಿ ದುಡ್ಡಿನವರೊಬ್ಬರು ಮೂರಂತಸ್ತು ಎಬ್ಬಿಸಿ ಆಗಿತ್ತು. ನಮ್ಮ ಗೋಡೆಗೂ ಅವರ ಗೋಡೆಗೂ ನಡುವೆ ಎರಡು ಮೊಳ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದರೆ ಹಾರೆ ಕೆಳಗಿಡುತ್ತಿದ್ದ. ಹೇಳಲಿಲ್ಲ.

ಮಣ್ಣಿನ ಗೋಡೆ. ಗೇಣು ಹಾಕಿ ಅಳೆದು ಮಧ್ಯಾಹ್ನದೊಳಗೆ ಒಡೆದ. ಬೆವರೊರೆಸಿಕೊಂಡು, "ಬೀದಿ ಕಾಣ್ತದಾ ಅತ್ಗೆ?" ಎಂದ.

ಮೂಗಿನ ಮುಂದೆ ಬರೀ ಸಿಮೆಂಟು. ಇದ್ದದ್ದನ್ನು ಇದ್ದಹಾಗೆ ಹೇಳಿ ಊರನ್ನೆಲ್ಲ ಎದುರು ಹಾಕಿಕೊಂಡವಳು ನಾನು.

"ಕಾಣ್ತದೆ ಕಣಪ್ಪ. ಕುರಿಮಂದೆ ಓಯ್ತಾ ಅದೆ" ಎಂದೆ.

ಹಾರೆಗೆ ಗಲ್ಲ ಆನಿಸಿ ನಿಂತ. ಆಮೇಲೆ, "ಕುರಿ ಎಲ್ಲಾ ಓದ್ವಾ?" ಎಂದು ಕೇಳಿದ.

"ಇಲ್ಲ, ಇನ್ನೂ ಬತ್ತಾನೇ ಅವೆ."