ಸೋಫಾ ಹೊಂದಿ ಭಾವ ಹೊಂದದಿರುವ ಬಗ್ಗೆ

ಇಂದ:
ಬಣ್ಣ ಹೊಂದಿಸುವವನು,
ಸ್ಟುಡಿಯೋದ ಹಿಂಬದಿ, ಕಿಟಕಿಯಿಲ್ಲದ ಕೋಣೆ.

ಗೆ:
ಮಾಲೀಕರು,
ಅದೇ ಸ್ಟುಡಿಯೋ, ಕಿಟಕಿಯಿರುವ ಕೋಣೆ.

ವಿಷಯ: ಲೈಟ್‌ಮ್ಯಾನ್ ಅವರನ್ನು ಆಸ್ಪತ್ರೆಗೆ ಕಳುಹಿಸಲು ತಮ್ಮ ಆದೇಶ ಕೋರಿ.

ಉಲ್ಲೇಖ: "ಅವನ ಮುಖ ಒಂಚೂರು ಸರಿಮಾಡಯ್ಯ" ಎಂದು ಮೆಟ್ಟಿಲಿಳಿಯುತ್ತಾ ತಾವಿತ್ತ ಮೌಖಿಕ ಆದೇಶ.

ಮಾನ್ಯರೇ,

ಸದರಿ ಲೈಟ್‌ಮ್ಯಾನ್ ಅರ್ಜಿದಾರನ ಅಕ್ಕನ ಗಂಡ. ಸೋಫಾ ಅಂಗಡಿಯ ಜಾಹೀರಾತಿಗೆ, "ಸುಮ್ನೆ ಕೂರೋದಕ್ಕೆ ನಟ ಯಾಕೆ?" ಎಂದು ತಾವೇ ಅವರನ್ನು ಕೂರಿಸಿದ್ದೀರಿ. ಪ್ರತಿ ಶಾಟ್‌ನ ಮೊದಲು ಅವರು ಬಣ್ಣದ ಚೌಕಗಳಿರುವ ಚಾರ್ಟನ್ನು ಗಲ್ಲದ ಕೆಳಗೆ ಹಿಡಿಯುತ್ತಾರೆ. ಕಂಪ್ಯೂಟರಿನಲ್ಲಿ ಎರಡು ಶಾಟ್‌ಗಳ ಚೌಕಗಳ ಬಣ್ಣ ಹೊಂದಿಸಿದರೆ ಮಿಕ್ಕಿದ್ದೆಲ್ಲ ತಾನಾಗಿ ಹೊಂದುತ್ತದೆ. ಅರ್ಜಿದಾರನ ಹೊಟ್ಟೆಪಾಡು ಇದೇ.

೧. ಹೋದ ತಿಂಗಳ ಶಾಟ್‌ಗೂ ಈ ವಾರದ ಶಾಟ್‌ಗೂ ಚೌಕಗಳು ಹೊಂದಿದವು. ಸೋಫಾ ಹೊಂದಿತು, ಗೋಡೆ ಹೊಂದಿತು, ಭಾವನ ಅಂಗಿಯೂ ಹೊಂದಿತು. ಭಾವ ಹೊಂದಲಿಲ್ಲ. ಮುಖವಲ್ಲದೆ ಕಣ್ಣಿನ ಬಿಳಿಯೂ ಹಳದಿ.

೨. "ಚಾರ್ಟ್ ಬಿಡು, ಮುಖ ನೋಡಿ ಹೊಂದಿಸು" ಎಂದಿರಿ. ಅದರಂತೆ ಇಡೀ ಚಿತ್ರದ ಬಣ್ಣ ಬದಲಿಸಲಾಗಿ ಮುಖ ಸರಿಹೋಗಿ, ಕೆನೆಬಣ್ಣದ ಸೋಫಾ ನೇರಳೆಯಾಯಿತು. ಅಂಗಡಿಯವರು ಬಾಯಿಗೆ ಬಂದಂತೆ ಬೈದರು.

೩. ಆದ್ದರಿಂದ ಅರ್ಜಿದಾರನು ಮುಖವನ್ನಷ್ಟೇ ಬೇರ್ಪಡಿಸಿ ತಿದ್ದಿದನು. ತಾವು ಬೆನ್ನು ತಟ್ಟಿದಿರಿ, ಅರ್ಜಿದಾರನು ಉಬ್ಬಿಹೋದನು.

೪. ಭಾವನಿಗೆ ಊಟ ಸೇರುತ್ತಿಲ್ಲ, ಲೈಟ್ ಸ್ಟ್ಯಾಂಡ್ ಎತ್ತಿದರೆ ಏದುಸಿರು. ಡಾಕ್ಟರ ಮಾತೆತ್ತಿದರೆ, "ನನಗೇನಾಗಿದೆಯೋ? ಕಾಮಾಲೆ ಬಂದಿರೋದು ನಿನ್ನ ಕ್ಯಾಮೆರಾಗೆ" ಎನ್ನುತ್ತಾರೆ. ಅಕ್ಕನಿಗೆ ತಿದ್ದಿದ ಶಾಟನ್ನೇ ಮೊಬೈಲಿನಲ್ಲಿ ತೋರಿಸಿ, "ನೋಡೇ, ಗುಂಡುಕಲ್ಲು ಥರ ಇದೀನಿ. ನಿನ್ನ ತಮ್ಮನೇ ಮಾಡಿದ್ದು, ಅವನು ಸುಳ್ಳು ಹೇಳ್ತಾನಾ?" ಎಂದರು.

೫. ಅಕ್ಕ ಅಡುಗೆಮನೆಗೆ ಕರೆದು, "ಯಾವ ಬಣ್ಣ ನಿಜ ಹೇಳೋ" ಎಂದಳು. "ಹಳದಿ ಕಣಕ್ಕಾ" ಎಂದಾಗ ಅವಳು ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಅರ್ಜಿದಾರನಿಗೆ ವಿಪರೀತ ಭಯವಾಗಿದೆ ಎಂದು ಈ ಮೂಲಕ ತಿಳಿಸಲಾಗಿದೆ.

೬. ಭಾವನಿಗೆ ರಜೆ ಕೇಳಿದಾಗ ತಾವೂ ಅದೇ ಶಾಟನ್ನು ನಿಲ್ಲಿಸಿ ನೋಡಿ, "ಚೆನ್ನಾಗೇ ಇದ್ದಾನಲ್ಲಯ್ಯ!" ಎಂದಿರಿ. ಭಾವನೋ, "ಯಜಮಾನರು ಹೇಳಿದ್ರೆ ಮಾತ್ರ ಹೋಗ್ತೀನಿ" ಎಂದು ಪಟ್ಟು ಹಿಡಿದಿದ್ದಾರೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ತಿದ್ದಿದ ಮುಖವನ್ನು ರದ್ದುಪಡಿಸಿ, ಮುಂದಿನ ತಿದ್ದುಪಡಿಯನ್ನು ವೈದ್ಯರಿಗೆ ವಹಿಸಬೇಕಾಗಿ ಕೋರಿಕೆ. ಅರ್ಜಿದಾರನ ಯಂತ್ರವು ಚರ್ಮದವರೆಗೆ ಮಾತ್ರ ಹೋಗುತ್ತದೆ. ಸೋಫಾ ನೇರಳೆಯಾದರೂ ಅಭ್ಯಂತರವಿಲ್ಲ.

ಹಳದಿಯನ್ನು ಇನ್ನು ಮುಂದೆ ಹಳದಿ ಎಂದೇ ಹೇಳುವ
ತಮ್ಮ ವಿಶ್ವಾಸಿ,
ಬಣ್ಣ ಹೊಂದಿಸುವವನು

ಲಗತ್ತುಗಳು:
೧. ಹೋದ ತಿಂಗಳ ಭಾವ, ಚಾರ್ಟ್ ಸಮೇತ.
೨. ಈ ವಾರದ ಭಾವ, ಚಾರ್ಟ್ ಸಮೇತ, ತಿದ್ದದೆ.
೩. ಭಾವ, ಮೂಲಪ್ರತಿ. ಚಾರ್ಟ್ ತಲುಪಿಸಲು ಬಂದಿದ್ದೇನೆಂದುಕೊಂಡು ತಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ ಪರಿಶೀಲಿಸುವುದು. ಇದಕ್ಕೆ ನಕಲು ಇರುವುದಿಲ್ಲ. ಅಕ್ಕನಿಗೆ ವಾಪಸ್ ಬೇಕು.