ಊಟದ ಮೇಜಿನ ಮೇಲೆ ಕಾರ್ಖಾನೆ

ಚಾಲಕಿ: ಇನ್ನೊಂದ್ಸಲ ಓದಿ. ಏನಂತ ಬರೆದಿದೆ?

ರಾಯರು: 'ಚಾಲಕನು ಬಿಸಿಯಾಗಿರುವಾಗ ಮುಟ್ಟಬೇಡಿ. ಮೊದಲು ಬೆನ್ನಿಗೆ ಗಾಳಿ ಬೀಸಿ ತಣ್ಣಗಾಗಿಸಿ.'

ಚಾಲಕಿ: ನೋಡಿದ್ರಾ? ಎಲ್ಲೋ ಕೂತು ಮೆಷಿನ್ ಮಾಡಿದೋನಿಗೆ ನನ್ನ ಸ್ವಭಾವ ಗೊತ್ತು. ಒಂದೇ ಮನೇಲಿರೋ ನಿಮಗೆ ಗೊತ್ತಿಲ್ಲ.

ರಾಯರು: ಇದು ನಿನ್ನ ಬಗ್ಗೆ ಅಲ್ಲ ಕಣೆ! ಮೋಟರ್ ತಿರುಗಿಸೋ ಸಣ್ಣ ಬಿಲ್ಲೆ ಇದೆಯಲ್ಲ, ಅದಕ್ಕೆ ಡ್ರೈವರ್ ಅಂತಾರೆ. ಯಾವನೋ ಪುಣ್ಯಾತ್ಮ ಅದನ್ನ ಹಾಗೇ 'ಚಾಲಕ' ಅಂತ ಕನ್ನಡಕ್ಕೆ ಇಳಿಸಿದಾನೆ.

ಚಾಲಕಿ: ಅವನು ಏನೇ ಇಳಿಸಲಿ. ನೀವು ಬೀಸಿ.

ರಾಯರು ನಿಜವಾಗಿಯೂ ಓದುತ್ತಿದ್ದ ಯಂತ್ರದ ಕೈಪಿಡಿಯಿಂದಲೇ ಎರಡು ಸಲ ಗಾಳಿ ಬೀಸಿದರು. ಡಿಪೋದಿಂದ ಬಂದ ಹೆಂಡತಿ ಇನ್ನೂ ಖಾಕಿ ಅಂಗಿಯಲ್ಲೇ ಇದ್ದಳು. ಊರೆಲ್ಲ ಬಸ್ಸು ಓಡಿಸಿ, ಅಡ್ಡ ಬಂದವರನ್ನೆಲ್ಲ ಬೈದು, ಹಸಿದು ಮನೆಗೆ ಬಂದರೆ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲ. ಅಲ್ಯೂಮಿನಿಯಂ ಪಟ್ಟಿಗಳು, ಉದ್ದುದ್ದ ತಿರುಪಿನ ದಂಡಗಳು, ಮೋಟರುಗಳು, ತಂತಿಗಳು, ಇರುವೆ ಸಾಲಿನಂತೆ ಹರಡಿದ ಸ್ಕ್ರೂಗಳು. ಎಲ್ಲವೂ ಜೋಡಣೆಯಾದರೆ ಕಂಪ್ಯೂಟರ್ ಹೇಳಿದ ಅಕ್ಷರವನ್ನು ಮರದ ಹಲಗೆಯಲ್ಲಿ ತಾನೇ ಕೊರೆಯುವ ಯಂತ್ರ. ಜೋಡಣೆಯಾಗದಿದ್ದರೆ ಗುಜರಿ.

ರಾಯರ ಕೆಲಸ ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಓಣಿಯವರಿಗೆ 'ಕರಡು' ಅಂದರೆ ತಿಳಿಯದೆ ಮೊದಲು 'ಕರಡಿ ರಾಯರು' ಅಂದರು. ಆಮೇಲೆ ತಿಳಿದರೂ ಹಾಗೇ ಅಂದರು. ದಾರಿಯಲ್ಲಿ ಅಂಗಡಿ ಬೋರ್ಡಿನ ಒತ್ತಕ್ಷರ ತಪ್ಪಿದ್ದರೆ ರಾಯರ ಕಾಲು ಮುಂದೆ ಹೋಗುತ್ತಿರಲಿಲ್ಲ. ಮದುವೆಗೆ ಮೊದಲು ಅವಳು ಪ್ರೀತಿಯಿಂದ ಬರೆದ ಮೊದಲ ಪತ್ರಕ್ಕೆ ಅವರು ಕೊಟ್ಟ ಉತ್ತರವೆಂದರೆ, ಅದೇ ಪತ್ರ, ಮಹಾಪ್ರಾಣಗಳನ್ನು ತಿದ್ದಿ ವಾಪಸ್ಸು. ಅಂಥವರ ಕೈಗೆ ಈ ಕೈಪಿಡಿ ಸಿಕ್ಕಿತ್ತು. ಬೆಳಗಿನಿಂದ ಅವರು ಯಂತ್ರ ಜೋಡಿಸಿದ್ದಕ್ಕಿಂತ ಕೆಂಪು ಪೆನ್ನು ಆಡಿಸಿದ್ದೇ ಹೆಚ್ಚು.

ಚಾಲಕಿ: ನಾಳೆ ಬೆಳಿಗ್ಗೆ ಡಿಪೋದಲ್ಲಿ ನಮ್ಮ ಹೆಂಗಸರ ರೂಮಿನ ಬಾಗಿಲು ತೆಗೀತಾರೆ. ಬೋರ್ಡು ನಮ್ಮ ಮನೆಯವರದ್ದು ಅಂತ ಎಲ್ಲರ ಮುಂದೆ ಹೇಳಿ ಬಂದಿದೀನಿ. ನೀವಿಲ್ಲಿ ಕೈಪಿಡಿ ತಿದ್ತಾ ಕೂತಿದೀರಿ.

ರಾಯರು: ತಿದ್ದದೆ ಹೇಗೆ ಜೋಡಿಸ್ಲಿ? ಇಲ್ಲಿ ಕೇಳು. 'ಅಗಸನನ್ನು ಬಾದಾಮಿಯ ಕೆಳಗೆ ಕೂರಿಸಿ, ಸ್ವಲ್ಪ ಬಿಗಿ ಮಾಡಿ.'

ಒಳಗಿನ ಕೋಣೆಯಿಂದ ಊರುಗೋಲಿನ ಮೆತ್ತನೆಯ ಸದ್ದು ಬಂತು. ಅದರ ಹಿಂದೆ ರಾಯರ ತಾಯಿ ಬಂದರು.

ಅಮ್ಮ: ಪಾಪ, ಅಗಸನ್ನ ಯಾಕೋ ಬಿಗಿ ಮಾಡ್ತೀರಿ? ಅವನೇನು ಮಾಡಿದ?

ರಾಯರು: ಅಗಸ ಅಲ್ಲಮ್ಮ, ವಾಷರ್! ಬಾದಾಮಿ ಅಂದ್ರೆ ನಟ್ಟು. ವಾಷರನ್ನ ನಟ್ಟಿನ ಕೆಳಗೆ ಹಾಕು ಅಂತ.

ಅಮ್ಮ: ಹಾಗಂತ ಬರೆಯೋಕೇನಾಗಿತ್ತು ಅವನಿಗೆ? ಅದಿರ್ಲಿ. ಈ ರೌಟರ್ರು ಯಾವಾಗ ಶುರುವಾಗುತ್ತೆ? ಎದುರು ಮನೆಯೋಳು ಪಾಸ್‌ವರ್ಡ್ ಕೇಳ್ತಿದಾಳೆ.

ರಾಯರು: ಯಾವ ಪಾಸ್‌ವರ್ಡು?

ಅಮ್ಮ: ಇಂಟರ್ನೆಟ್ಟಿಂದು ಕಣೋ. ನನ್ನ ಮಗ ಇಷ್ಟು ದೊಡ್ಡ ರೌಟರ್ ತಂದಿದಾನೆ, ಇಡೀ ಓಣಿಗೆ ಬರುತ್ತೆ ಅಂದುಬಿಟ್ಟಿದೀನಿ.

ರಾಯರು: ಅಮ್ಮ, ಇದು ಮರ ಕೊರೆಯೋ ರೌಟರ್! ಇದರಲ್ಲಿ ಇಂಟರ್ನೆಟ್ ಬರಲ್ಲ, ಮರದ ಪುಡಿ ಬರುತ್ತೆ.

ಅಮ್ಮ: ಸರಿ ಬಿಡು, ಅವಳಿಗೆ ಅದನ್ನೇ ಕೊಡೋಣ.

ಚಾಲಕಿ ನಗು ತಡೆದುಕೊಂಡು ಅಂಗಿಯ ತೋಳು ಮಡಚಿದಳು. ರಾಯರು ಹೂವು ಪೋಣಿಸಿದ ಹಾಗೆ ತಿರುಗಿಸುತ್ತಿದ್ದ ಸ್ಕ್ರೂವನ್ನು ಕೈಯಿಂದ ಕಿತ್ತುಕೊಂಡು, ಆರು ಮೂಲೆಯ ಕೀಲಿ ಹಾಕಿ, ತುಟಿ ಕಚ್ಚಿ ಒಂದೇ ಪಟ್ಟು ಹಾಕಿದಳು. ಲೋಹ ಕಿರ್ರೆಂದಿತು.

ರಾಯರು: ಅಯ್ಯೋ! ಬಸ್ಸಿನ ಚಕ್ರ ಅಲ್ಲ ಕಣೆ ಅದು!

ಚಾಲಕಿ: ಸಡಿಲ ಬಿಟ್ರೆ ದಾರೀಲಿ ಕಳಚ್ಕೊಳ್ಳುತ್ತೆ.

ರಾಯರು: ಯಾವ ದಾರೀಲಿ? ಅದು ಹೋಗೋದು ಮೇಜಿನ ಈ ತುದಿಯಿಂದ ಆ ತುದಿಗೆ! ಈಗ ನೋಡು, ಅಷ್ಟೂ ಹೋಗ್ತಿಲ್ಲ.

ಕೊರೆಯುವ ಮೋಟರನ್ನು ಹೊತ್ತ ಗಾಡಿ ದಂಡದ ಮೇಲೆ ಹಠಮಾರಿ ಎಮ್ಮೆಯಂತೆ ನಿಂತುಬಿಟ್ಟಿತ್ತು. ತಳ್ಳಿದರೂ ಇಲ್ಲ, ಎಳೆದರೂ ಇಲ್ಲ. ಚಾಲಕಿ ಗಂಡನ ಮುಖ ನೋಡದೆ ಬಿಗಿದ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿದಳು. ಗಾಡಿ ಸರಾಗವಾಗಿ ಜಾರಿತು. ರಾಯರು ಗೆದ್ದ ಮುಖ ಮಾಡಿಕೊಂಡು ತಂತಿಗಳನ್ನು ಸಿಕ್ಕಿಸಿ, ಸ್ವಿಚ್ ಒತ್ತಿದರು.

ಚಾಲಕಿ: ಈಗ?

ರಾಯರು: ಕೈಪಿಡಿ ಪ್ರಕಾರ, 'ಮೊದಲು ಯಂತ್ರವನ್ನು ಮನೆಗೆ ಕಳುಹಿಸಿ.'

ಚಾಲಕಿ: ನೋಡಿ! ವಾಪಸ್ ಕಳಿಸಿ ಅಂತ ಅವರೇ ಹೇಳ್ತಿದಾರೆ! ಡಬ್ಬ ಎಲ್ಲಿ? ಅತ್ತೆ, ಹಗ್ಗ ಕೊಡಿ!

ರಾಯರು: ಮನೆ ಅಂದ್ರೆ ಅದರ ಮೂಲೆ! ಕೆಲಸ ಶುರು ಮಾಡೋ ಮೊದಲು ಎಡಗಡೆ ಮೂಲೆಗೆ ಹೋಗಿ ನಿಂತ್ಕೊಬೇಕು. ನಿನ್ನ ಬಸ್ಸಿಗೆ ಡಿಪೋ ಇಲ್ವಾ, ಹಾಗೆ.

ಚಾಲಕಿ: ಹಾಗೆ ಹೇಳಿ ಮತ್ತೆ.

ರಾಯರು ಕಂಪ್ಯೂಟರಿನಲ್ಲಿ 'ಎಡಕ್ಕೆ' ಒತ್ತಿದರು. ಗಾಡಿ ಗುರ್ರೆಂದು ಬಲಕ್ಕೆ ಓಡಿ, ಕೊನೆಗೆ ಢಿಕ್ಕಿ ಹೊಡೆದು, ಹಲ್ಲು ಕಡಿಯತೊಡಗಿತು. ಇಬ್ಬರೂ ಸ್ವಿಚ್ಚಿಗೆ ಹಾರಿದರು. ಮೊದಲು ತಲುಪಿದ್ದು ಅಮ್ಮನ ಊರುಗೋಲು.

ಅಮ್ಮ: ಎಡ ಅಂದ್ರೆ ಬಲಕ್ಕೆ ಹೋಗುತ್ತಲ್ಲೋ. ಇದೂ ನಿನ್ನ ಅಪ್ಪನ ಕಡೆಯವರ ಹಾಗೇ.

ಚಾಲಕಿ: ಆ ಮೋಟರಿನ ತಂತಿ ಬಗ್ಗೆ ಏನು ಬರೆದಿದೆ?

ರಾಯರು: ಏನೂ ಇಲ್ಲ. ಏನೋ ತಲೆಬುಡ ಇಲ್ಲದ್ದು ಇತ್ತು, ಹೊಡೆದು ಹಾಕ್ದೆ.

ಚಾಲಕಿ: ಏನಿತ್ತು?

ರಾಯರು ಕೆಂಪು ಗೀಟಿನ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿದರು. ದನಿ ಇಳಿಯಿತು.

ರಾಯರು: 'ಈ ತಂತಿಯನ್ನು ಕನ್ನಡಿಯಲ್ಲಿ ಕಂಡಂತೆ ಸಿಕ್ಕಿಸಿ.'

ಚಾಲಕಿ: ಅಂದ್ರೆ?

ರಾಯರು: ಅಂದ್ರೆ... ತಿರುಗಿಸಿ ಸಿಕ್ಕಿಸಬೇಕು ಅಂತ.

ಚಾಲಕಿ: ಇಡೀ ಪುಸ್ತಕದಲ್ಲಿ ಅವನು ಸರಿಯಾಗಿ ಬರೆದಿದ್ದು ಅದೊಂದೇ ಸಾಲು. ನೀವು ಹೊಡೆದಿದ್ದೂ ಅದನ್ನೇ!

ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು. ಅವಳ ಬಿಗಿತಕ್ಕೆ ಇವರ ಗೀಟು. ತಂತಿ ತಿರುಗಿಸಿ ಸಿಕ್ಕಿಸಿದ ಮೇಲೆ ಗಾಡಿ ಒಳ್ಳೆಯ ಸೊಸೆಯಂತೆ ಎಡಕ್ಕೆ ಬಂದು ಮೂಲೆಯಲ್ಲಿ ನಿಂತಿತು. ರಾಯರು ಉತ್ಸಾಹದಿಂದ ಕಂಪ್ಯೂಟರಿನಲ್ಲಿ ಬೋರ್ಡಿನ ಅಕ್ಷರ ಹೊಡೆದರು. ಹೊಡೆದು, ಪ್ರತಿ ಅಕ್ಷರಕ್ಕೂ ಬೆರಳಿಟ್ಟು ಗಟ್ಟಿಯಾಗಿ ಓದಿದರು.

ರಾಯರು: 'ಚಾಲಕಿಯರ ವಿಶ್ರಾಂತಿ ಕೊಠಡಿ.' ಠ ಮಹಾಪ್ರಾಣ, ನೋಡ್ಕೋ. ನಿಮ್ಮ ಡಿಪೋದವರು ಅಲ್ಪಪ್ರಾಣ ಬರೀತಾರೆ.

ಚಾಲಕಿ: ಅಲ್ಪವೋ ಮಹಾವೋ, ನಮಗೆ ಪ್ರಾಣ ಉಳಿಯೋ ಜಾಗ ಸಿಕ್ಕಿದ್ರೆ ಸಾಕು. ಇಷ್ಟು ದಿನ ಹಳೇ ಟೈರಿನ ಗೋಡೌನಲ್ಲಿ ಬಟ್ಟೆ ಬದಲಾಯಿಸಿದೀವಿ. ಹಲಗೆ ಹುಷಾರು. ಅದೊಂದೇ ಇರೋದು.

ಹಲಗೆ ಗುಜರಿಗೆ ಹೋದ ಹಳೇ ಬಸ್ಸೊಂದರ ನೆಲದ್ದು. ಮೆಕ್ಯಾನಿಕ್ಕನ್ನು ಪುಸಲಾಯಿಸಿ ಚಾಲಕಿಯರೆಲ್ಲ ಸೇರಿ ತೆಗೆಸಿ, ಉಜ್ಜಿ, ನುಣುಪು ಮಾಡಿದ್ದರು. ಅದನ್ನು ಯಂತ್ರದ ಮೇಲೆ ಕ್ಲ್ಯಾಂಪ್ ಬಿಗಿದು ಕೂರಿಸುತ್ತಲೇ ಯಂತ್ರವೇ ಒಂದು ಕಡೆ ವಾಲಿತು. ರಾಯರು ಬಗ್ಗಿ ನೋಡಿದರು. ನಾಲ್ಕು ರಬ್ಬರ್ ಕಾಲುಗಳಲ್ಲಿ ಒಂದು ಇರಲಿಲ್ಲ. ತಲೆ ಎತ್ತಿದಾಗ ಅಮ್ಮ ಇರಲಿಲ್ಲ. ಅವರ ಊರುಗೋಲಿನ ಸದ್ದೂ ಬರಲಿಲ್ಲ. ಈಗ ಯೋಚಿಸಿದರೆ, ಇವತ್ತು ಮಧ್ಯಾಹ್ನದಿಂದ ಆ ಕೋಲು ಮೊದಲಿನ ಹಾಗೆ ಟಕಟಕ ಅಂದೇ ಇಲ್ಲ, ಮೆತ್ತಗೆ ಪುಸಪುಸ ಅಂದಿದೆ.

ರಾಯರು: ನಾನು ಬರೋವರೆಗೂ ಏನೂ ಮುಟ್ಟಬೇಡ.

ಚಾಲಕಿ: ನಾನ್ಯಾಕೆ ಮುಟ್ಲಿ?

ರಾಯರು ಒಳಕೋಣೆಗೆ ನುಗ್ಗಿದರು. ಅಮ್ಮ ಮಂಚದ ಮೇಲೆ, ಕೋಲಿನ ತುದಿಯನ್ನು ಹೊದಿಕೆಯೊಳಗೆ ಮಲಗಿಸಿಕೊಂಡು ಕೂತಿದ್ದರು.

ರಾಯರು: ಅಮ್ಮ, ಅದು ಮೆಷಿನ್ನಿಂದು. ಕೊಡು.

ಅಮ್ಮ: ಯಾವುದು?

ರಾಯರು: ಕೋಲಿನ ತುದಿಗಿರೋ ರಬ್ಬರ್. ಅದಿಲ್ಲದೆ ಮೆಷಿನ್ ಕುಂಟುತ್ತೆ.

ಅಮ್ಮ: ಇದಿಲ್ಲದೆ ನಾನು ಜಾರ್ತೀನಿ. ಅದಕ್ಕೆ ನಾಲ್ಕು ಕಾಲು, ಒಂದು ಹೋದ್ರೂ ಮೂರಿರುತ್ತೆ. ನನಗಿರೋದೇ ಎರಡೂವರೆ.

ರಾಯರು: ನಾಳೆ ಹೊಸದು ತಂದು ಕೊಡ್ತೀನಮ್ಮ!

ಅಮ್ಮ: ನಾಳೆ ಅದಕ್ಕೇ ತಂದು ಹಾಕು. ನಾನು ಇವತ್ತೇ ನಡೀಬೇಕು.

ರಾಯರು ಬೇಡಿದರು, ಗದರಿದರು, ಕೊನೆಗೆ ಮಗುವಾಗಿ ಮಂಚದ ಅಂಚಿಗೆ ಕೂತರು. ಅಮ್ಮನಿಗೂ ಕರುಳು ಚುರುಕ್ ಅಂದಿರಬೇಕು. ಕೋಲು ಕೊಡಲಿಲ್ಲ, ಬುದ್ಧಿ ಕೊಟ್ಟರು: ನಿನ್ನ ಬರೆಯೋ ಮೇಜಿನ ಮೇಲೆ ಪೆನ್ಸಿಲ್ ಅಳಿಸೋ ರಬ್ಬರ್ ಇದೆಯಲ್ಲ, ಕುಯ್ದು ಕೆಳಗಿಡು. ರಾಯರು ಅದನ್ನೇ ಕುಯ್ದು ತಂದಿಟ್ಟರು. ಯಂತ್ರ ನೆಟ್ಟಗೆ ನಿಂತಿತು. ಹೆಂಡತಿ ಕಿಟಕಿಯ ಹತ್ತಿರ ನಿಂತು, ಏನೂ ಅರಿಯದವಳಂತೆ ಉಗುರು ನೋಡಿಕೊಳ್ಳುತ್ತಿದ್ದಳು.

ಚಾಲಕಿ: ಮೇಜು ಅಲ್ಲಾಡುತ್ತೆ ಅನ್ಸುತ್ತೆ. ನೀವು ಕೆಳಗೆ ಕೂತು ಕಾಲು ಹಿಡ್ಕೊಳ್ಳಿ.

ರಾಯರು: ನಾನು ನೋಡ್ಬೇಕಲ್ಲ?

ಚಾಲಕಿ: ನಾನು ನೋಡ್ತೀನಿ. ಧೂಳು ಎಳೆಯೋ ಪೈಪೂ ನಾನೇ ಹಿಡೀತೀನಿ. ಬಸ್ಸು ಓಡಿಸೋಳಿಗೆ ಇದೊಂದು ಗಾಡಿ ಹೆಚ್ಚಾ?

ಮಾತು ಸರಿ ಅನ್ನಿಸಿತು. ರಾಯರು ಮೇಜಿನ ಕೆಳಗೆ ಹೊಕ್ಕು, ಅದರ ಕಾಲನ್ನು ಕಂಬ ತಬ್ಬಿದ ಹಾಗೆ ತಬ್ಬಿ ಕೂತರು. ತಲೆಯ ಮೇಲೆ ಯಂತ್ರ ಹಲ್ಲಿನ ಡಾಕ್ಟರ ಕೋಣೆಯಂತೆ ಕಿರುಗುಟ್ಟಿತು. ಅವರ ಬೆನ್ನಿನ ಮೇಲೆ ಮರದ ಪುಡಿ ಉದುರಿತು. ಅಮ್ಮ ಕಿವಿಗೆ ಸೆರಗು ಒತ್ತಿ, ಕಣ್ಣು ಮಾತ್ರ ಬಿಟ್ಟು, ಬಾಗಿಲಲ್ಲಿ ನಿಂತು ನೋಡಿದರು. ಸಂಜೆಯ ಬಿಸಿಲು ಕಿಟಕಿಯಿಂದ ಗೋಡೆಗೆ ಏರುವ ಹೊತ್ತಿಗೆ ಸದ್ದು ನಿಂತಿತು.

ರಾಯರು ತೆವಳಿಕೊಂಡು ಹೊರಬಂದು, ಹಲಗೆಯ ಮೇಲಿನ ಪುಡಿಯನ್ನು ಉಫ್ ಎಂದು ಊದಿದರು. ಅಕ್ಷರಗಳು ಅಚ್ಚುಕಟ್ಟಾಗಿ, ಅಂಚು ಚೂರೂ ಒಡೆಯದೆ, ಆಳವಾಗಿ ಮೂಡಿದ್ದವು. ತಾನೇ ಮಾಡಿದ್ದು, ತನ್ನ ಊಟದ ಮೇಜಿನ ಮೇಲೆ! ಕಣ್ಣೊರೆಸಿಕೊಂಡು ಓದಿದರು. ಮತ್ತೆ ಓದಿದರು. ಕುರ್ಚಿ ಹುಡುಕಿ ಕೂತರು.

'ಚಾಲಾಕಿಯರ ವಿಶ್ರಾಂತಿ ಕೊಠಡಿ.'

ರಾಯರು: ದೀರ್ಘ... ಲಕಾರಕ್ಕೆ ದೀರ್ಘ ಬಂದಿದೆ.

ಅಮ್ಮ: ಏನು ಬಂದಿದೆಯೋ? ಜ್ವರಾನಾ?

ರಾಯರು: ಚಾಲಕಿ ಅಲ್ಲಮ್ಮ, ಚಾಲಾಕಿ ಆಗಿದೆ! ಕಿಲಾಡಿ ಹೆಂಗಸರು ಅಂದ ಹಾಗಾಯ್ತು! ಬೆರಳಿಟ್ಟು ಓದಿದೀನಿ. ನನ್ನ ಕಣ್ಣಿಂದ ಒಂದು ದೀರ್ಘ ತಪ್ಪಿಸ್ಕೊಂಡಿದೆ ಅಂದ್ರೆ ನಾನಿನ್ನು ಆ ಕೆಲಸದಲ್ಲಿ ಇರ್ಬಾರ್ದು. ನಾಳೆ ಹೋಗಿ ಬಿಟ್ಟು ಬರ್ತೀನಿ.

ಚಾಲಕಿ: ಸುಮ್ನಿರಿ.

ರಾಯರು: ಮೇಣಕ್ಕೆ ಮರದ ಪುಡಿ ಕಲೆಸಿ ತುಂಬಿದ್ರೆ ಮುಚ್ಚಬಹುದು. ಪುಡಿ ಚೆಲ್ಲಬೇಡ. ಬಣ್ಣ ಸ್ವಲ್ಪ ಬೇರೆ ಕಾಣುತ್ತೆ, ಆದ್ರೂ—

ಚಾಲಕಿ: ರೀ, ಅದನ್ನ ಮುಟ್ಟಿದ್ರೆ ನೋಡಿ.

ರಾಯರು: ಎಲ್ಲರ ಮುಂದೆ ನಿನಗೆ ಅವಮಾನ ಆಗುತ್ತೆ ಕಣೆ! ನನ್ನಿಂದ!

ಹೆಂಡತಿ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವರ ತಲೆಗೂದಲಿನಿಂದ ಮರದ ಪುಡಿಯನ್ನು ಒಂದೊಂದಾಗಿ ಆರಿಸತೊಡಗಿದಳು. ಇಷ್ಟು ಮೆತ್ತಗೆ ಅವಳು ಏನನ್ನಾದರೂ ಮುಟ್ಟಿದ್ದನ್ನು ಆ ಮನೆ ಇವತ್ತು ನೋಡಿರಲಿಲ್ಲ.

ಚಾಲಕಿ: ನೀವು ಸರಿಯಾಗೇ ಬರೆದಿದ್ರಿ.

ರಾಯರು: ಮತ್ತೆ?

ಚಾಲಕಿ: ನೀವು ಅತ್ತೆ ಕೋಲಿಗೆ ಜಗಳಕ್ಕೆ ಹೋದ್ರಲ್ಲ, ಆಗ ಒಂದು ದೀರ್ಘ ಸೇರಿಸ್ದೆ.

ಅಮ್ಮ ಸೆರಗಿನ ಮರೆಯಲ್ಲಿ ನಕ್ಕರು.

ರಾಯರು: ನೀನು! ಬೇಕಂತಲೇ? ನನ್ನನ್ನ ಮೇಜಿನ ಕೆಳಗೆ ಕೂರಿಸಿದ್ದು—

ಚಾಲಕಿ: ಮೇಜೇನೂ ಅಲ್ಲಾಡ್ತಿರಲಿಲ್ಲ.

ರಾಯರು: ಯಾಕೆ? ಶುದ್ಧವಾಗಿದ್ದ ಪದಾನ ಕೆಡಿಸಿದ್ಯಾಕೆ?

ಚಾಲಕಿ: ಕೆಡಿಸಿಲ್ಲ ರೀ, ತಿದ್ದಿದೀನಿ. ಮೊದಮೊದಲು ಮರ್ಯಾದೆಯಾಗಿ ಅರ್ಜಿ ಕೊಟ್ವಿ, ಜಾಗ ಇಲ್ಲ ಅಂದ್ರು. ಸಾಲಾಗಿ ನಿಂತು ಕೇಳಿದ್ವಿ, ನೋಡೋಣ ಅಂದ್ರು. ಆಮೇಲೆ ಎಲ್ಲರೂ ಊಟದ ಡಬ್ಬಿ ತಗೊಂಡು ಸಾಹೇಬರ ಕೋಣೆಗೇ ಹೋದ್ವಿ. ಅಲ್ಲೇ ಉಂಡು, ಅವರ ಫ್ಯಾನ್ ಕೆಳಗೇ ಕಾಲು ಚಾಚಿ ಮಲಗಿದ್ವಿ. ಮೂರನೇ ದಿನ ಎಲ್ಲೂ ಇಲ್ಲದ ಜಾಗ ಹುಟ್ಟಿಕೊಳ್ತು. ಬರೀ ಚಾಲಕಿಯರಾಗಿದ್ದಾಗ ಆ ರೂಮು ಸಿಕ್ಲಿಲ್ಲ. ಚಾಲಾಕಿಯರಾದ ಮೇಲೇ ಸಿಕ್ಕಿದ್ದು.

ರಾಯರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಹಲಗೆಯನ್ನು ಮಗುಚಿ, ಗೋಡೆಗೆ ತಾಗುವ ಬೆನ್ನಿನ ಮೂಲೆಯಲ್ಲಿ ಸಣ್ಣಗೆ ಬರೆದರು: 'ಕರಡು ನೋಡಿದೆ. ತಪ್ಪಿಲ್ಲ.'